ಕಾಡು ಬಿಟ್ಟವರಿಗೆ ಬಾಡಿಗೆ ಮನೆ

2014ರ ಡಿಸೆಂಬರ್ 8ರಂದು ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಜಿಲ್ಲಾಡಳಿತದ ಮುಂದೆ ಹಾಜರಾದರು. ನಕ್ಸಲರ ಶರಣಾಗತಿ ಎಂದೇ ಅದು ಸುದ್ದಿಯಾಯಿತು. ಆದರೆ ಅವರಿಬ್ಬರೂ ಮಾವೋವಾದಿ ಪಕ್ಷವನ್ನು ಬಿಟ್ಟದ್ದು 2006ರ ಹೊತ್ತಿಗೆ. ಮಲೆನಾಡಿನ ಕಾಡಿನಲ್ಲಿ ಬಂದೂಕು ಹಿಡಿದು ಕೂತರೆ ಕರ್ನಾಟಕ ಬದಲಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದು ಎಂಟು ವರ್ಷ ಕಳೆದಿತ್ತು. ನನ್ನ ಕುತೂಹಲವೆಲ್ಲ ಈ ಎಂಟು ವರ್ಷಗಳ ಮೇಲೆ.

ಹಲಸೂರಿನಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಸೇರಿ ಓದುತ್ತೇವೆ. ಇದನ್ನು ಹೇಳಿದಾಗ ಪದವಿ ಓದುತ್ತಿರುವ ಹುಡುಗಿಯೊಬ್ಬಳು ನೇರವಾಗಿ ಕೇಳಿದಳು: "ಮನಸ್ಸು ಬದಲಾದ ಮೇಲೆ ಮಾರನೇ ದಿನವೇ ಬರಬಹುದಿತ್ತಲ್ಲ ಸಾರ್?"

ಬರಬಹುದಿತ್ತೇ? ಬರುವುದು ಎಲ್ಲಿಗೆ? ಸಂಘಟನೆ ಬಿಟ್ಟವನನ್ನು ಹಳೆಯ ಸಂಗಾತಿಗಳು ದ್ರೋಹಿ ಅನ್ನಬಹುದು. ಪೊಲೀಸರಿಗೆ ಅವನು ಇನ್ನೂ ಬೇಕಾದವನೇ. ಊರಿಗೆ ಹೋದರೆ ಮನೆಯವರ ಮೇಲೆ ಕಣ್ಣು. ಈ ವಿಷಯವನ್ನೇ ಅಧ್ಯಯನ ಮಾಡಿದ ಜಾನ್ ಹೋರ್ಗನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಭೇದ ತೋರಿಸುತ್ತಾನೆ: ಹಿಂಸೆಯಿಂದ ದೂರ ಸರಿಯುವುದು ಬೇರೆ, ವಿಚಾರವನ್ನೇ ಬಿಡುವುದು ಬೇರೆ. ನಂಬಿಕೆ ಸತ್ತ ಮೇಲೂ ಗುಂಪಿನಲ್ಲೇ ಉಳಿಯುವವರಿದ್ದಾರೆ. ನಂಬಿಕೆ ಗಟ್ಟಿಯಾಗಿದ್ದೂ ಹೊರಬರುವವರಿದ್ದಾರೆ. ಹೊರಬರುವ ಕಾರಣಗಳೂ ನಾವು ಬಯಸುವಷ್ಟು ಘನವಾಗಿರುವುದಿಲ್ಲ. ಮಂಡಿನೋವು, ಮಳೆಗಾಲ, ನಾಯಕನೊಂದಿಗೆ ಜಗಳ, ಮುದಿಯಾಗುತ್ತಿರುವ ತಾಯಿ. ಪುಸ್ತಕ ಓದಿ ಕಾಡಿಗೆ ಹೋದವನು ಪುಸ್ತಕ ಓದಿಯೇ ಹಿಂದಿರುಗಬೇಕು ಅನ್ನುವುದು ನಮ್ಮಂಥ ಓದುಗರ ಆಸೆ, ಅಷ್ಟೆ.

2014ರಲ್ಲಿ ಆ ಇಬ್ಬರಿಗೆ ದಾರಿ ಮಾಡಿಕೊಟ್ಟವರು ಮೂವರು: 96 ದಾಟಿದ್ದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಪತ್ರಕರ್ತೆ ಗೌರಿ ಲಂಕೇಶ್. ಕಾಡಿನವರೂ ಸರ್ಕಾರದವರೂ ಇವರ ಮಾತನ್ನು ನಂಬುತ್ತಿದ್ದರು. ಗೌರಿಯವರಿಗೆ ಇದರಿಂದ ಸಿಕ್ಕಿದ್ದು ನಕ್ಸಲ್ ಬೆಂಬಲಿಗಳೆಂಬ ಬೈಗುಳ. ಜನರ ಕೈಯಿಂದ ಬಂದೂಕು ಇಳಿಸಿದವರಿಗೆ ಆ ಹೆಸರು ಹೇಗೆ ಒಪ್ಪುತ್ತದೋ ನನಗೆ ಇವತ್ತಿಗೂ ತಿಳಿಯದು. 2017ರ ಸೆಪ್ಟೆಂಬರ್ 5ರಂದು ಅವರನ್ನು ಗುಂಡಿಟ್ಟು ಕೊಂದರು.

ಹತ್ತು ವರ್ಷದ ಮೇಲೆ ಇದೇ ದಾರಿ ಮತ್ತೆ ತೆರೆಯಿತು. 2024ರ ನವೆಂಬರ್ 18ರಂದು ಹೆಬ್ರಿ ಬಳಿಯ ಪೀತಬೈಲಿನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತರು. ಏಳೇ ವಾರದಲ್ಲಿ, 2025ರ ಜನವರಿ 8ರಂದು, ಮುಂಡಗಾರು ಲತಾ ಸೇರಿ ಆರು ಜನ ಬೆಂಗಳೂರಿಗೆ ಬಂದು ಮುಖ್ಯಮಂತ್ರಿಗಳ ಗೃಹ ಕಚೇರಿ 'ಕೃಷ್ಣಾ'ದಲ್ಲಿ ಶರಣಾದರು. ನಮ್ಮ ಶಿವಾಜಿನಗರದಿಂದ ಅಲ್ಲಿಗೆ ಆಟೋದಲ್ಲಿ ಹದಿನೈದು ನಿಮಿಷ. ಹೆದರಿ ಬಂದರು ಎಂದರು ಕೆಲವರು. ಹೆದರಿರಬಹುದು. ಆದರೆ 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಹತರಾದಾಗಲೂ ಭಯವಿತ್ತು. ಆಗ ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿಯಾಯಿತು. ಒಂದೇ ಬಗೆಯ ಸಾವು ಒಮ್ಮೆ ಸೇಡಿಗೆ, ಇನ್ನೊಮ್ಮೆ ಮಾತುಕತೆಗೆ ಒಯ್ದಿತು. ನಡುವೆ ಬದಲಾದದ್ದು ಹಲವು ಇದ್ದಾವು. ನನಗೆ ಮುಖ್ಯವಾಗಿ ಕಾಣುವುದು ಒಂದು: ಈ ಸಲ ಮಾತನಾಡಲು ಹೋದವರಲ್ಲಿ ನೂರ್ ಶ್ರೀಧರ್ ಕೂಡ ಇದ್ದರು. ಬಿಟ್ಟು ಬಂದು ಬದುಕಿ ಉಳಿದವನೊಬ್ಬ ಎದುರಿಗಿದ್ದ. ಜರ್ಮನಿಯಲ್ಲಿ 2000ದಲ್ಲಿ ನವನಾಜಿಗಳನ್ನು ಹೊರತರಲು 'ಎಕ್ಸಿಟ್' ಸಂಸ್ಥೆಯನ್ನು ಕಟ್ಟಿದವರೂ ಇಬ್ಬರು: ಒಬ್ಬ ಮಾಜಿ ಪೊಲೀಸ್, ಇನ್ನೊಬ್ಬ ಮಾಜಿ ನವನಾಜಿ ನಾಯಕ.

'ಶರಣಾಗತಿ' ಎಂಬ ಪದವನ್ನು ಇಂಥವರು ಇಷ್ಟಪಡುವುದಿಲ್ಲ, 'ಮುಖ್ಯವಾಹಿನಿಗೆ ಬಂದೆವು' ಅನ್ನುತ್ತಾರೆ. ಅವರ ಸಂಕೋಚ ಅರ್ಥವಾಗುತ್ತದೆ, ಸೋತವನಿಗೂ ಮುಖವಿದೆ. ಆದರೂ ಹಳೆಯ ಪದವೇ ನನಗೆ ಹಿಡಿಸುತ್ತದೆ. ಪೊಲೀಸ್ ಭಾಷೆಯಲ್ಲಿ ಅದು ಸೋಲು. ನಮ್ಮ ಕತೆ ಪುರಾಣಗಳಲ್ಲಿ ಶರಣು ಬಂದವನಿಗಿಂತ ಹೆಚ್ಚಿನ ಭಾರ ಬೀಳುವುದು ಶರಣು ಕೊಟ್ಟವನ ಮೇಲೆ. ಒಮ್ಮೆ ಒಳಗೆ ಕರೆದ ಮೇಲೆ ಕಾಯಬೇಕು.

ಹಾಗಾದರೆ ವೆಂಕಟಮ್ಮನಹಳ್ಳಿಯಲ್ಲಿ ಸತ್ತ ಪೊಲೀಸರ ಮನೆಯವರು? ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮುಂದೆ ಹೋಗುವುದು ನನಗೆ ಸಾಧ್ಯವಿಲ್ಲ. 'ಎ' ವರ್ಗದ ಶರಣಾಗತರಿಗೆ 7.5 ಲಕ್ಷ ರೂಪಾಯಿ ಅಂದಾಗ ಆ ಮನೆಗಳಲ್ಲಿ ಏನನ್ನಿಸಿತೋ. ಕ್ಷಮೆ ಅವರ ಸ್ವತ್ತು, ಅದನ್ನು ಸರ್ಕಾರವಾಗಲಿ ಲೇಖನ ಬರೆಯುವ ನಾನಾಗಲಿ ಹಂಚುವಂತಿಲ್ಲ. ಮೊಕದ್ದಮೆ ನಡೆಯಲಿ, ತಪ್ಪಿದ್ದರೆ ಶಿಕ್ಷೆಯಾಗಲಿ. ನಾನು ಕೇಳುವುದು ಇಷ್ಟೇ: ಆ ಮೊಕದ್ದಮೆಗೆ ಕೊನೆ ಎಂಬುದೊಂದು ಇರಬೇಕು. ಕೋರ್ಟಿಂದ ಕೋರ್ಟಿಗೆ ಅಲೆಯುತ್ತಾ ವರ್ಷಗಳು ಹೋದರೆ, ಇನ್ನೂ ಒಳಗಿರುವವನು ಅದನ್ನು ನೋಡಿ ಲೆಕ್ಕ ಹಾಕುತ್ತಾನೆ.

ಕೋರ್ಟಿನ ಆಚೆ ನಾವಿದ್ದೇವೆ. 2024ರ ಮಾರ್ಚ್ 1ರಂದು ಕುಂದಲಹಳ್ಳಿಯ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟವಾದ ಮೇಲೆ ಕೆ.ಆರ್. ಪುರದ ತನಕ ಬಾಡಿಗೆದಾರರ ಆಧಾರ್ ತಪಾಸಣೆ ಜೋರಾಯಿತು. ತಪ್ಪೇನಲ್ಲ. ಆದರೆ ಇಂದಿರಾನಗರದಲ್ಲಿ ಮೀನು ತಿನ್ನುವವರಿಗೇ ಮನೆ ಸಿಗುವುದು ಕಷ್ಟ; ಇಪ್ಪತ್ತು ವರ್ಷ ಕಾಡಿನಲ್ಲಿದ್ದು, ಜೈಲು ಮುಗಿಸಿ ಬಂದ ಹೆಂಗಸಿಗೆ ಯಾರು ಕೊಡುತ್ತಾರೆ? ನಮ್ಮ ಮನೆ ಮಾಲೀಕರು ಒಳ್ಳೆಯವರು. ಮೊನ್ನೆ ಬಾಡಿಗೆ ಕೊಡಲು ಹೋದಾಗ ಇದನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಪೊಲೀಸಿನವರು ಆಗಾಗ ಬಂದು ಹೋಗ್ತಾರಾ?" ಎಂದರು. ಬರಬಹುದು ಎಂದೆ. "ಹತ್ತು ತಿಂಗಳ ಅಡ್ವಾನ್ಸ್ ಕೊಡೋಕೆ ಆಗುತ್ತಂತಾ?" ಎಂದು ಕೇಳಿದರು.