ತಪಸ್ಸುಕಾಲದಲ್ಲಿ ದೇವವಾಕ್ಯದ ಓದು

ಕ್ರೈಸ್ತರ ತಪಸ್ಸುಕಾಲ ಬೂದಿ ಬುಧವಾರ ಆರಂಭವಾಗುತ್ತದೆ. ಅಂದಿನಿಂದ ಈಸ್ಟರ್ ಹಬ್ಬದ ಮುನ್ನಾದಿನದವರೆಗೆ ಎಣಿಸಿದರೆ 46 ದಿನಗಳು. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ; ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು 40. ಯೇಸು ಮರಳುಗಾಡಿನಲ್ಲಿ ಉಪವಾಸವಿದ್ದ ದಿನಗಳೂ ಅಷ್ಟೇ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಈ ಕಾಲಕ್ಕೆ ಲೆಂಟ್ ಎನ್ನುವುದೇ ರೂಢಿ. ಮಾಂಸ ಬಿಡುವುದು, ಮದುವೆ ಇಟ್ಟುಕೊಳ್ಳದಿರುವುದು, ಶುಕ್ರವಾರದ ಶಿಲುಬೆ ಹಾದಿ, ಇವು ನೆರೆಹೊರೆಯವರ ಕಣ್ಣಿಗೂ ಬೀಳುವ ಆಚರಣೆಗಳು. ಅಷ್ಟಾಗಿ ಕಣ್ಣಿಗೆ ಬೀಳದಿದ್ದರೂ ಈ ಕಾಲವನ್ನು ರೂಪಿಸಿದ್ದು ಇನ್ನೊಂದು: ಬೈಬಲನ್ನು ಕ್ರಮವಾಗಿ ಓದಿ ಕೇಳಿಸುವ ಪರಿಪಾಠ.

ನಲವತ್ತು ದಿನಗಳ ಈ ಅವಧಿಯ ಪ್ರಸ್ತಾಪ 325ರ ನೈಸಿಯ ಮಹಾಸಭೆಯ ಕಟ್ಟಳೆಗಳಲ್ಲೇ ಬರುತ್ತದೆ. ಆ ಅವಧಿಯ ಆಚರಣೆ ಹೇಗೆ ನಡೆಯುತ್ತಿತ್ತು ಎಂಬುದರ ಅತಿ ಜೀವಂತವಾದ ಚಿತ್ರ ಸಿಗುವುದು ಎಜೇರಿಯ ಎಂಬ ಯಾತ್ರಿಕ ಮಹಿಳೆಯ ಬರಹದಲ್ಲಿ. ಪಶ್ಚಿಮದ ಯಾವುದೋ ದೂರದ ನಾಡಿನಿಂದ ಹೊರಟ ಈಕೆ ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಜೆರುಸಲೇಮಿನಲ್ಲಿದ್ದಳು. ಆ ವರ್ಷ ದೀಕ್ಷಾಸ್ನಾನ ಪಡೆಯಬೇಕಾದವರ ಹೆಸರುಗಳನ್ನು ಮೊದಲು ಬರೆದುಕೊಳ್ಳುತ್ತಿದ್ದರು. ಮರುದಿನ ಬಿಷಪರು ಒಬ್ಬೊಬ್ಬರನ್ನೇ ಕರೆದು, ಅವರ ನೆರೆಯವರನ್ನು ವಿಚಾರಿಸುತ್ತಿದ್ದರು: ಇವನು ತಂದೆತಾಯಿಗೆ ಮರ್ಯಾದೆ ಕೊಡುತ್ತಾನೆಯೇ, ಕುಡುಕನೇ, ಸುಳ್ಳುಗಾರನೇ? ಆಮೇಲೆ ದಿನವೂ ಬೆಳಗ್ಗೆ ಮೂರು ಗಂಟೆ ಪಾಠ. ಬಿಷಪರು ಆದಿಕಾಂಡದಿಂದ ಹಿಡಿದು ಇಡೀ ಪವಿತ್ರ ಗ್ರಂಥವನ್ನು ವಿವರಿಸುತ್ತಾ ಹೋಗುತ್ತಿದ್ದರು. ಅವರು ಆಡುತ್ತಿದ್ದುದು ಗ್ರೀಕ್. ಸಿರಿಯಾಕ್ ಮಾತ್ರ ಬಲ್ಲ ಸ್ಥಳೀಯರಿಗೆ ಪಕ್ಕದಲ್ಲಿ ನಿಂತ ಒಬ್ಬ ಗುರು ಅದನ್ನು ಅವರ ಮಾತಿನಲ್ಲಿ ಹೇಳುತ್ತಿದ್ದ. ಎರಡೂ ಬಾರದ ಲ್ಯಾಟಿನ್ ಜನ ಪೆಚ್ಚಾಗಬಾರದೆಂದು, ಗ್ರೀಕ್, ಲ್ಯಾಟಿನ್ ಎರಡನ್ನೂ ಬಲ್ಲ ಸಹೋದರ ಸಹೋದರಿಯರು ಅವರಿಗೆ ತಿಳಿಹೇಳುತ್ತಿದ್ದರು. ಪರಭಾಷೆಯ ಊರಿನಲ್ಲಿ ಪೂಜೆಗೆ ಕೂರುವವರ ಕಷ್ಟವನ್ನು ಆ ಸಭೆ ಅಷ್ಟು ಹಿಂದೆಯೇ ಅರಿತಿತ್ತೆಂಬುದು ದೊಡ್ಡ ಸಂಗತಿ.

ಮುಂದೆ ಶಿಶುಗಳಿಗೇ ದೀಕ್ಷಾಸ್ನಾನ ಕೊಡುವುದು ಎಲ್ಲೆಡೆ ಬಳಕೆಗೆ ಬಂದಿತು. ಪಾಠ ಕೇಳುವ ವಯಸ್ಕರು ವಿರಳವಾದರು. ತಪಸ್ಸುಕಾಲದಲ್ಲಿ ಪಶ್ಚಾತ್ತಾಪದ ಛಾಯೆಯೇ ಮೇಲಾಯಿತು. ಇನ್ನು ನಮ್ಮ ನಾಡಿಗೆ ಬಂದರೆ, ಕನ್ನಡದಲ್ಲಿ ಇಡೀ ಬೈಬಲು ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ. ಪ್ರೊಟೆಸ್ಟೆಂಟ್ ಸಭೆಗಳಿಗೆ ಅಂದಿನಿಂದ ಕನ್ನಡದ ಓದು ಒದಗಿತು. ಕಥೋಲಿಕರ ಬಲಿಪೂಜೆ ಮಾತ್ರ ಲ್ಯಾಟಿನ್ನಿನಲ್ಲೇ ಉಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕನ್ನಡ ಪೀಠದಿಂದಲೇ ಕೇಳಿಸತೊಡಗಿತು. 1969ರಲ್ಲಿ ಮೂರು ವರ್ಷಗಳ ವಾಚನ ಸರಣಿಯೂ ಬಂದಿತು. ಹೀಗಾಗಿ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಓದುವ ಶುಭಸಂದೇಶವನ್ನೇ ಅದೇ ಭಾನುವಾರ ಶಿಕಾಗೋದಲ್ಲೂ ಓದುತ್ತಾರೆ. ಹೊರನಾಡಿನ ಮನೆಯೂ ತವರಿನ ಮನೆಯೂ ಆ ವಾರ ಒಂದೇ ಕಥೆಯನ್ನು ಧ್ಯಾನಿಸುತ್ತವೆ.

ಬೂದಿ ಬುಧವಾರ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಅಂದಿನ ವಾಚನಗಳಲ್ಲೇ ಒಂದು ಜಗ್ಗಾಟವಿದೆ. ಪ್ರವಾದಿ ಯೋವೇಲ ಊರಿಗೆಲ್ಲ ಕೇಳುವಂತೆ ಉಪವಾಸ ಸಾರಿ ಎನ್ನುತ್ತಾನೆ. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಯೇಸು, ಉಪವಾಸ ಮಾಡುವವರು ಮುಖ ತೊಳೆದುಕೊಂಡು ಯಾರಿಗೂ ತಿಳಿಯದಂತೆ ಇರಲಿ ಎನ್ನುತ್ತಾರೆ. ಅದೇ ವಾರದ ಶುಕ್ರವಾರ, ಶನಿವಾರ ಬರುವ ಯೆಶಾಯನ 58ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ: ಆಳುಗಳನ್ನು ದಬಾಯಿಸಿ ದುಡಿಸಿಕೊಳ್ಳುತ್ತಾ ಮಾಡುವ ಉಪವಾಸ ದೇವರಿಗೆ ಬೇಡ, ಹಸಿದವನೊಂದಿಗೆ ಅನ್ನ ಹಂಚಿಕೊಳ್ಳುವುದೇ ಉಪವಾಸ. ಈ ಕಾಲದ ಆಹಾರ ನಿಯಮಗಳನ್ನೆಲ್ಲ ಈ ಅಧ್ಯಾಯದ ಬೆಳಕಿನಲ್ಲೇ ನೋಡಬೇಕು.

ಮೊದಲ ಭಾನುವಾರ ಮರಳುಗಾಡಿನ ಶೋಧನೆ, ಎರಡನೆಯದು ಬೆಟ್ಟದ ಮೇಲಿನ ರೂಪಾಂತರ. ಇವು ಪ್ರತಿ ವರ್ಷವೂ ಬರುತ್ತವೆ. ಮುಂದಿನ ಮೂರು ಭಾನುವಾರಗಳಿಗೆ ಸರಣಿಯ ಮೊದಲನೆಯ ವರ್ಷದಲ್ಲಿ ಯೋಹಾನನ ಮೂರು ದೀರ್ಘ ಕಥೆಗಳಿವೆ: ಸಮಾರ್ಯದ ಹೆಂಗಸು, ಹುಟ್ಟುಕುರುಡ, ಲಾಜರ. ಹಳೆಯ ದೀಕ್ಷಾ ಪಾಠಗಳ ನೆನಪು ಇವುಗಳಲ್ಲಿದೆ. ದೀಕ್ಷೆಗೆ ಸಿದ್ಧರಾಗುವ ವಯಸ್ಕರಿರುವ ಧರ್ಮಕೇಂದ್ರಗಳಲ್ಲಿ ಬೇರೆ ವರ್ಷಗಳಲ್ಲೂ ಇವನ್ನು ಓದಬಹುದು.

ಸಮಾರ್ಯದ ಹೆಂಗಸು ನೀರಿಗೆ ಬರುವುದು ನಡುಮಧ್ಯಾಹ್ನ. ನೀರು ಕೇಳಿದ ಯೇಸು ಯೆಹೂದ್ಯರು, ಅವಳ ಜನದೊಂದಿಗೆ ಬಳಕೆಯಿಲ್ಲದ ಕುಲದವರು. ಬಾವಿ ಆಳವಿದೆ, ಸೇದಲು ನಿನ್ನ ಬಳಿ ಏನೂ ಇಲ್ಲವಲ್ಲ ಎಂದು ಅವಳು ವಾದಿಸುತ್ತಾಳೆ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾಳೆ. ಕೊನೆಗೆ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡುತ್ತಾಳೆ. ಹುಟ್ಟುಕುರುಡನ ಕಥೆಯಲ್ಲಿ ಯೇಸು ಉಗುಳಿನಿಂದ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೋ ಎನ್ನುತ್ತಾರೆ. ನೋಟ ಬಂದದ್ದು ಕೊಳದಲ್ಲಾದರೂ ನಿಜವಾಗಿ ಕಾಣಲು ಅವನಿಗೆ ಇಡೀ ಅಧ್ಯಾಯವೇ ಬೇಕಾಗುತ್ತದೆ. ನೆರೆಯವರು ಕೇಳಿದಾಗ ಮೊದಲು 'ಯೇಸು ಎಂಬ ಒಬ್ಬ ಮನುಷ್ಯ' ಎನ್ನುತ್ತಾನೆ, ಆಮೇಲೆ ವಿಚಾರಣೆಯಲ್ಲಿ ಪ್ರವಾದಿ ಎನ್ನುತ್ತಾನೆ, ಕೊನೆಗೆ ಯೇಸುವಿನ ಕಾಲಿಗೆ ಬೀಳುತ್ತಾನೆ. ವಿಚಾರಿಸುವವರು ಗದರಿಸಿದಷ್ಟೂ ಅವನ ಮಾತು ಗಟ್ಟಿಯಾಗುತ್ತದೆ. ಹೆತ್ತವರು ಹೆದರಿ ಜಾರಿಕೊಂಡಾಗಲೂ ಅವನು ಜಾರುವುದಿಲ್ಲ. ನಂಬಿಕೆ ಮೆಲ್ಲಮೆಲ್ಲನೆ ಬಲಿಯುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಪುಟಗಳು ಹೊಸ ಒಡಂಬಡಿಕೆಯಲ್ಲೇ ಕಡಿಮೆ.

ಸರಣಿಯಲ್ಲಿ ಲೂಕನ ಶುಭಸಂದೇಶವನ್ನು ಓದುವ ವರ್ಷದಲ್ಲಿ ಹಣ್ಣು ಬಿಡದ ಅಂಜೂರದ ಮರವೂ ಮನೆಗೆ ಮರಳಿದ ದುಂದುಗಾರ ಮಗನೂ ಬರುತ್ತಾರೆ. ಅಲ್ಲಿ ಒತ್ತು ದೇವರ ತಾಳ್ಮೆಯ ಮೇಲೆ.

ಗರಿಗಳ ಭಾನುವಾರವೂ ಶುಭ ಶುಕ್ರವಾರವೂ ಯೇಸುವಿನ ಯಾತನೆಯ ಕಥೆಯನ್ನು ಪೂರ್ತಿಯಾಗಿ, ಹಲವು ದನಿಗಳಲ್ಲಿ ಓದುವ ಪದ್ಧತಿಯಿದೆ. ಯೇಸುವಿನ ಮಾತು ಗುರುಗಳದು, ಕಥನ ವಾಚಕರದು. ಶಿಲುಬೆಗೇರಿಸಿ ಎನ್ನುವ ಗುಂಪಿನ ಕೂಗು ಅನೇಕ ಕಡೆ ನೆರೆದ ಭಕ್ತರದೇ. ಆ ಮಾತನ್ನು ತಮ್ಮ ಬಾಯಲ್ಲೇ ಆಡಬೇಕಾದಾಗ ಕಥೆ ಬೇರೆ ಯಾರದೋ ಆಗಿ ಉಳಿಯುವುದಿಲ್ಲ. ಸಿ.ಎಸ್.ಐ. ಸಭೆಗಳಲ್ಲಿ ಶುಭ ಶುಕ್ರವಾರದ ಆರಾಧನೆ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಸುತ್ತ ನಡೆಯುತ್ತದೆ. ಲೂಕನಿಂದ ಮೂರು, ಯೋಹಾನನಿಂದ ಮೂರು, ಮತ್ತಾಯ ಮತ್ತು ಮಾರ್ಕ ಇಬ್ಬರೂ ದಾಖಲಿಸಿದ ಒಂದು. ಒಂದೊಂದು ಮಾತಿಗೂ ಒಂದು ಚಿಂತನೆ, ಒಂದು ಗೀತೆ, ಒಂದು ಪ್ರಾರ್ಥನೆ.

ಈಸ್ಟರ್ ಮುನ್ನಾದಿನದ ಶನಿವಾರ ರಾತ್ರಿಯ ಜಾಗರಣೆಯಲ್ಲಿ ಓದು ಮತ್ತೆ ಆದಿಕಾಂಡಕ್ಕೆ ಮರಳುತ್ತದೆ. ಸೃಷ್ಟಿಯಿಂದ ತೊಡಗಿ ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ. ಸಮಯ ಸಾಲದೆ ಕೆಲವನ್ನು ಬಿಟ್ಟರೂ ಇಸ್ರಾಯೇಲರು ಸಮುದ್ರ ದಾಟಿದ ಭಾಗವನ್ನು ಬಿಡುವಂತಿಲ್ಲ. ತಪಸ್ಸುಕಾಲವಿಡೀ ನಿಂತಿದ್ದ 'ಅಲ್ಲೆಲೂಯ' ಅಂದು ಮತ್ತೆ ಕೇಳಿಸುತ್ತದೆ. ಬಳಿಕ ನೀರನ್ನು ಆಶೀರ್ವದಿಸಿ, ಪಾಠ ಮುಗಿಸಿದವರಿಗೆ ದೀಕ್ಷಾಸ್ನಾನ ಕೊಡುತ್ತಾರೆ. ಉಳಿದವರು ಕೈಯಲ್ಲಿ ಮೇಣದಬತ್ತಿ ಹಿಡಿದು ತಮ್ಮ ದೀಕ್ಷೆಯ ವಾಗ್ದಾನಗಳನ್ನು ಹೊಸದಾಗಿ ನುಡಿಯುತ್ತಾರೆ.