ಕಂದು ಬಣ್ಣದ ಕ್ರೆಯಾನ್

ಅಮೆರಿಕದ ಶಾಲಾ ಶಿಕ್ಷಕರೊಬ್ಬರು ಮಕ್ಕಳ ಲೇಖಕ, ಚಿತ್ರಕಾರ ಎಜ್ರಾ ಜ್ಯಾಕ್ ಕೀಟ್ಸ್ ಅವರಿಗೆ ಒಂದು ಪತ್ರ ಬರೆದಿದ್ದರು. ಅದರಲ್ಲಿದ್ದದ್ದು ಹೊಗಳಿಕೆಯಲ್ಲ, ಒಂದು ಸುದ್ದಿ. ಅವರ ತರಗತಿಯ ಕಪ್ಪು ವರ್ಣದ ಮಕ್ಕಳು ತಮ್ಮ ಚಿತ್ರ ಬರೆದುಕೊಳ್ಳುವಾಗ ಮುಖಕ್ಕೆ ಗುಲಾಬಿ ಬಣ್ಣ ಹಚ್ಚುತ್ತಿದ್ದರು. ಕೀಟ್ಸ್ ಅವರ ಪುಸ್ತಕ ನೋಡಿದ ಮೇಲೆ ಮೊದಲ ಬಾರಿಗೆ ಕಂದು ಬಣ್ಣದ ಕ್ರೆಯಾನ್ ಕೈಗೆತ್ತಿಕೊಂಡರು. ಲೇಖಕನೊಬ್ಬನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇರಲಾರದು.

ಆ ಪುಸ್ತಕ 1962ರಲ್ಲಿ ಬಂದ ‘ದಿ ಸ್ನೋಯಿ ಡೇ’. ಕಥೆ ಬಹಳ ಸಣ್ಣದು. ಪೀಟರ್ ಎಂಬ ಕಪ್ಪು ಹುಡುಗ ಬೆಳಗ್ಗೆ ಎದ್ದಾಗ ಊರೆಲ್ಲ ಹಿಮ ಬಿದ್ದಿರುತ್ತದೆ. ಕೆಂಪು ಉಡುಪು ತೊಟ್ಟು ಹೊರಗೆ ಹೋಗಿ ಆಡುತ್ತಾನೆ. ನಾಳೆಗಿರಲಿ ಎಂದು ಹಿಮದ ಉಂಡೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ. ಅದು ಕರಗಿಹೋಗುತ್ತದೆ. ಅವನ ಬಣ್ಣದ ಬಗ್ಗೆ ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ಚಿತ್ರದಲ್ಲಿ ಮಾತ್ರ ಇದೆ.

ಪುಸ್ತಕಕ್ಕೆ 1963ರಲ್ಲಿ ಕಾಲ್ಡೆಕಾಟ್ ಪದಕ ಬಂತು. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹಕ್ಕು ಕೇಳಿ ಬೀದಿಗಿಳಿದ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿಗಳನ್ನು ಛೂಬಿಟ್ಟರು. ಅಂಥ ಕಾಲದಲ್ಲಿ ಹಿಮದಲ್ಲಿ ಆಡುವ ಹುಡುಗನನ್ನು ಬರೆದು ಸುಮ್ಮನಾಗುವುದು ನ್ಯಾಯವೇ? ಈ ಪ್ರಶ್ನೆ ಆಗಲೇ ಎದ್ದಿತ್ತು. 1962ರಿಂದ 64ರವರೆಗೆ ಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನ ಕಾಣಿಸಿಕೊಂಡದ್ದು ಶೇಕಡಾ 6.7ರಲ್ಲಿ ಮಾತ್ರ ಎಂದು 1965ರಲ್ಲಿ ಲೆಕ್ಕ ಕೊಟ್ಟ ನ್ಯಾನ್ಸಿ ಲ್ಯಾರಿಕ್, ಕೀಟ್ಸ್ ಅವರನ್ನೂ ಬಿಡಲಿಲ್ಲ. ಹುಡುಗ ಕಪ್ಪು ಎಂದು ಬರಹ ಹೇಳುವುದೇ ಇಲ್ಲವಲ್ಲ ಎಂಬುದು ಅವರ ಆಕ್ಷೇಪಗಳಲ್ಲೊಂದು.

ಆಕ್ಷೇಪ ಹಗುರವಾದುದಲ್ಲ. ಆದರೆ ನೊಂದವರ ಮಕ್ಕಳು ಕಥೆಯೊಳಗೆ ಬರಬೇಕಾದರೆ ಪ್ರತಿಸಲವೂ ತಮ್ಮ ಗಾಯ ತೋರಿಸಿಯೇ ಬರಬೇಕೆ? ಹಾಗೆ ಕೇಳುವುದೂ ಒಂದು ಬಗೆಯ ಕ್ರೌರ್ಯವೇ. ಅನುಕಂಪ ಎಷ್ಟೇ ಒಳ್ಳೆಯದಾದರೂ ಅದು ಮಗುವನ್ನು ದೂರ ನಿಲ್ಲಿಸಿಯೇ ನೋಡುತ್ತದೆ. ಪೀಟರ್‌ಗೆ ಸಿಕ್ಕಿದ್ದು ಅನುಕಂಪವಲ್ಲ, ಆಡಲು ಒಂದು ಇಡೀ ದಿನ.

ಹೀಗೆ ಬರೆದವರು ಯಾರು? 1916ರಲ್ಲಿ ಬ್ರೂಕ್ಲಿನ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿ ದಂಪತಿಗೆ ಹುಟ್ಟಿದವರು. ಮನೆತನದ ಹೆಸರು ಕಾಟ್ಸ್. ಯಹೂದಿಗಳ ಮೇಲಿನ ದ್ವೇಷದ ಕಾರಣ 1947ರಲ್ಲಿ ಹೆಸರು ಬದಲಿಸಿಕೊಂಡರು. ‘ಲೈಫ್’ ಪತ್ರಿಕೆಯಲ್ಲಿ 1940ರಲ್ಲಿ ಬಂದ ಪುಟ್ಟ ಕಪ್ಪು ಹುಡುಗನೊಬ್ಬನ ಫೋಟೋಗಳನ್ನು ಕತ್ತರಿಸಿ ಇಪ್ಪತ್ತು ವರ್ಷ ಜೋಪಾನ ಮಾಡಿದ್ದರು. ಅವನೇ ಪೀಟರ್ ಆದ. ತನ್ನ ಹೆಸರನ್ನು ಮರೆಮಾಡಿಕೊಳ್ಳಬೇಕಾಗಿ ಬಂದ ಮನುಷ್ಯ, ಇನ್ನೊಬ್ಬರ ಮಗುವಿನ ಮುಖವನ್ನು ಮರೆಮಾಡಲಿಲ್ಲ.

ನಾನೂ ಕಥೆ ಬರೆಯುವವನು. ನನ್ನ ಕಥೆಗಳಲ್ಲಿ ಮುಸ್ಲಿಂ ಹುಡುಗ ಬಂದಾಗಲೆಲ್ಲ ಅವನ ಹಿಂದೆಯೇ ಬಡತನವೋ ಗಲಭೆಯೋ ಬಂದಿದೆ. ಅದೆಲ್ಲ ಸುಳ್ಳಲ್ಲ. ಆದರೆ ಮಳೆ ನಿಂತ ಮೇಲೆ ಚರಂಡಿಯಲ್ಲಿ ಕಾಗದದ ದೋಣಿ ಬಿಟ್ಟು ಸಂಜೆವರೆಗೆ ಅದರ ಹಿಂದೆ ಓಡುವ ಹುಡುಗನೂ ನಮ್ಮ ಮೊಹಲ್ಲಾದಲ್ಲಿದ್ದಾನೆ. ಅವನನ್ನು ನಾನಿನ್ನೂ ಬರೆದಿಲ್ಲ.