ಯಾರಿಗೆ ಬೇಕು?

ಕಳೆದ ತಿಂಗಳು ಒಂದು ಭಾನುವಾರ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅವನು ಪ್ರಾಡಕ್ಟ್ ಮ್ಯಾನೇಜರ್. "ಅಲ್ಲಿ ನಿನ್ನ ಕೆಲಸವೇನಪ್ಪ?" ಎಂದು ಕೇಳಿದೆ. "ಬರೆಯುವುದೇ ಕೆಲಸ ಸಾರ್" ಎಂದ. ಕನ್ನಡ ಮೇಷ್ಟರಿಗೆ ಇದಕ್ಕಿಂತ ಸಂತೋಷದ ಮಾತು ಯಾವುದು? ಆದರೆ ಅವನು ಬರೆಯುವುದು ಕಥೆಯಲ್ಲ, ಕವನವಲ್ಲ. ಪ್ರಾಡಕ್ಟ್ ರಿಕ್ವೈರ್‌ಮೆಂಟ್ಸ್ ಡಾಕ್ಯುಮೆಂಟ್ ಎಂಬ ಉದ್ದ ಹೆಸರಿನ ಒಂದು ಪತ್ರ. ಯಾವುದೇ ವಸ್ತುವನ್ನು ತಯಾರಿಸುವ ಮುನ್ನ ಅದು ಯಾರಿಗಾಗಿ, ಅವರ ಯಾವ ತೊಂದರೆಯನ್ನು ನೀಗಬೇಕು, ಏನೇನು ಮಾಡಬೇಕು, ಏನನ್ನು ಮಾಡಕೂಡದು, ಕೆಲಸ ಫಲಿಸಿತೆಂದು ತಿಳಿಯುವುದು ಹೇಗೆ, ಇಷ್ಟನ್ನೂ ಅದರಲ್ಲಿ ಬರೆದಿಡಬೇಕು. ಅದನ್ನು ನೋಡಿಕೊಂಡು ಎಂಜಿನಿಯರುಗಳು ಕೆಲಸ ಮಾಡುತ್ತಾರೆ.

ಮನೆ ಕಟ್ಟಿಸುವವರು ಮೇಸ್ತ್ರಿಗೆ ಹೇಳುವುದೂ ಇದನ್ನೇ ಅಲ್ಲವೆ ಎನ್ನಬಹುದು. ಒಂದು ವ್ಯತ್ಯಾಸವುಂಟು. ಮನೆ ಕಟ್ಟಿಸುವವನು ತನಗೇನು ಬೇಕೋ ಅದನ್ನು ತಾನೇ ಹೇಳುತ್ತಾನೆ. ಇವನಾದರೋ, ತನ್ನ ಎದುರಿಗಿಲ್ಲದ ಲಕ್ಷಾಂತರ ಜನರಿಗೆ ಏನು ಬೇಕೆಂಬುದನ್ನು ಅವರ ಪರವಾಗಿ ಹೇಳಬೇಕು.

ಈ ಕಸುಬಿನ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ 1931ನೆಯ ಇಸವಿಗೆ ಹೋಗುತ್ತಾರೆ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೆ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್‌ರಾಯ್, ಒಂದೊಂದು ಸರಕಿಗೂ ಅದರ ಹೊಣೆ ಹೊರುವ ಪ್ರತ್ಯೇಕ ಜನ ಬೇಕೆಂದು ಆ ವರ್ಷದ ಮೇ ತಿಂಗಳಲ್ಲಿ ಮೂರು ಪುಟದ ಟಿಪ್ಪಣಿ ಬರೆದ. ಮಾರಾಟ ಕುಗ್ಗಿದ ಕಡೆಗೆ ಅಂಥವನು ಖುದ್ದಾಗಿ ಹೋಗಿ, ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು ತೊಂದರೆಯೇನೆಂದು ತಿಳಿಯಬೇಕು ಎಂಬುದು ಅದರಲ್ಲಿದ್ದ ಒಂದು ಮಾತು. ಮಾರುವವನ ಮಾತೇ ಹೌದು. ಆದರೂ ಇತರರಿಗೆ ಏನು ಬೇಕೆಂದು ಹೇಳುವ ಮುನ್ನ ಅವರ ಮುಖ ನೋಡಿ ಬಾ ಎಂಬ ವಿವೇಕ ಅದರಲ್ಲಿದೆ.

ಶಿಷ್ಯ ತಾನು ಬರೆಯುತ್ತಿದ್ದ ಪತ್ರದ ಒಂದು ಪುಟವನ್ನು ತೋರಿಸಿದ. ಮೊಬೈಲಿನಲ್ಲಿ ಬಸ್ ಟಿಕೆಟ್ ಕೊಳ್ಳುವ ಏರ್ಪಾಟು. ಬರಹ ಇಂಗ್ಲಿಷಿನಲ್ಲಿತ್ತು, ಅದರ ತಾತ್ಪರ್ಯ ಇಷ್ಟು: ಬಳಸುವವರಿಗೆ ಪ್ರಯಾಣದ ವಿಮೆ ಬೇಕು, ಆದ್ದರಿಂದ ವಿಮೆಯ ಚೌಕದಲ್ಲಿ ಮೊದಲೇ ಗುರುತು ಹಾಕಿರಬೇಕು, ಬೇಡದವರು ತೆಗೆಯಬಹುದು. "ಬೇಕೆಂದು ಯಾರು ಹೇಳಿದರು?" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ಹೇಳಲಿಲ್ಲ ಸಾರ್. ಈ ಮೂರು ತಿಂಗಳಲ್ಲಿ ವಿಮೆಯ ವರಮಾನ ಹೆಚ್ಚಬೇಕು ಅಂತ ಮೇಲಿನವರು ಹೇಳಿದ್ದಾರೆ" ಎಂದ.

ನಮ್ಮ 'ಬೇಕು' ವಿಚಿತ್ರವಾದ ಶಬ್ದ. ನನಗೆ ಬೇಕು, ಅವಳಿಗೆ ಬೇಕು, ಅವರಿಗೆ ಬೇಕು. ಲಿಂಗ, ವಚನ, ಪುರುಷ ಯಾವುದಕ್ಕೂ ಅದು ಬದಲಾಗುವುದಿಲ್ಲ. ಹಸಿದವನಿಗೆ ಅನ್ನ ಬೇಕು, ಮಗುವಿಗೆ ಮಿಠಾಯಿ ಬೇಕು. ಕೊರತೆಗೂ ಆಸೆಗೂ ಅದೊಂದೇ ಮಾತು. 'ಮಾಡಬೇಕು' ಎಂದರೆ ಅಪ್ಪಣೆಯೂ ಆಯಿತು. ಯಾರಿಗೆ ಬೇಕೆಂಬುದನ್ನು ತಿಳಿಸುವುದು ಅದರ ಹಿಂದಿರುವ ಚತುರ್ಥೀ ವಿಭಕ್ತಿಯೊಂದೇ. ಅಂತರ್ಜಾಲದ ಕಟ್ಟಳೆಗಳನ್ನು ಬರೆಯುವವರು 1997ರಲ್ಲಿ 'ಮಸ್ಟ್', 'ಷುಡ್', 'ಮೇ' ಮೊದಲಾದ ಮಾತುಗಳಿಗೆ ಇಂತಿಷ್ಟೇ ಬಿಗಿಯೆಂದು ಅರ್ಥ ಗೊತ್ತುಮಾಡಿದರು. 'ಬೇಕು' ಎಷ್ಟು ಬಿಗಿ ಎಂಬುದನ್ನು ಹೀಗೆ ನಿಶ್ಚಯಿಸಬಹುದು. ಅದು ಯಾರಿಗೆ ಎಂಬುದನ್ನು ಬರೆಯುವವನ ಅಂತಃಸಾಕ್ಷಿಯೇ ಹೇಳಬೇಕು.

ಶಿಷ್ಯನ ವಾದವನ್ನು ತಳ್ಳಿಹಾಕುವಂತಿಲ್ಲ. "ನಾನು ಬರೆಯದಿದ್ದರೆ ಇನ್ನೊಬ್ಬ ಬರೀತಾನೆ. ಬೇಡದವರು ಗುರುತು ತೆಗೆಯಬಹುದಲ್ಲ ಸಾರ್? ನನಗೂ ಮನೆಯ ಸಾಲವಿದೆ" ಎಂದ. ಮೂರೂ ನಿಜವೇ. ಆದರೆ ಗುರುತು ತೆಗೆಯಲು ಮರೆಯುವವರು ಯಾರು? ಕನ್ನಡಕ ಎಲ್ಲೋ ಇಟ್ಟ ಮುದುಕರು, ರಾತ್ರಿಯ ಬಸ್ಸಿನ ಆತುರದಲ್ಲಿರುವವರು, ಇಂಗ್ಲಿಷ್ ಓದಲು ಬಾರದವರು. ಅವರು ಮರೆಯುತ್ತಾರೆಂಬ ಲೆಕ್ಕದ ಮೇಲೆಯೇ ಬರೆದ ವಾಕ್ಯ ಅದು. ಕಾನೂನೂ ಇದನ್ನು ಕಂಡಿದೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಗಿರಾಕಿಯ ಒಪ್ಪಿಗೆಯಿಲ್ಲದೆ ಲೆಕ್ಕಕ್ಕೆ ಇನ್ನೊಂದು ಬಾಬು ಸೇರಿಸುವುದು ಅವುಗಳಲ್ಲೊಂದು. ಆದರೆ 14ನೆಯ ಬಗೆಯನ್ನು ಕಂಡುಹಿಡಿಯಲು ಬುದ್ಧಿವಂತರಿಗೆ ಎಷ್ಟು ಹೊತ್ತು? ಕಾನೂನು ಬರುವುದು ತಪ್ಪು ನಡೆದ ಮೇಲೆ. ವಾಕ್ಯ ಬರೆಯುವುದು ತಪ್ಪು ನಡೆಯುವ ಮುನ್ನ.

ಲಾಭ ಬಯಸುವುದು ಪಾಪವೆಂದು ನಾನು ಹೇಳುತ್ತಿಲ್ಲ. ಕಂಪನಿಗೂ ಬೇಕುಗಳುಂಟು, ಅದು ಕೊಡುವ ಸಂಬಳದಿಂದಲೇ ಇವನ ಮನೆ ನಡೆಯಬೇಕು. ಹಾಗಿದ್ದರೆ 'ಕಂಪನಿಗೆ ಬೇಕು' ಎಂದೇ ಬರೆಯಲಿ. ಆಗ ತೀರ್ಮಾನ ಮಾಡುವವರು ಕಣ್ಣು ತೆರೆದು ತೀರ್ಮಾನ ಮಾಡಬೇಕಾಗುತ್ತದೆ. ತನ್ನ ಆಸೆಯನ್ನು ಎದುರಿಗಿಲ್ಲದವನ ಬಾಯಲ್ಲಿಟ್ಟು ನುಡಿಸಿದಾಗ ಮಾತ್ರ ಅದು ಸುಳ್ಳಾಗುತ್ತದೆ. ಆ ಸುಳ್ಳನ್ನು ಅಲ್ಲಗಳೆಯಲು ಅವನು ಅಲ್ಲಿ ಇರುವುದೂ ಇಲ್ಲ.

ಹುಡುಗ ಆ ಸಾಲನ್ನು ಅಲ್ಲಿಯೇ ತಿದ್ದಿದ: ವಿಮೆಯ ವರಮಾನ ಹೆಚ್ಚುವುದು ಕಂಪನಿಗೆ ಬೇಕು, ಬಳಸುವವರು ಕೇಳಿಲ್ಲ. ಮುಂದಿನ ವಾರ ಫೋನ್ ಮಾಡಿ, ಸಭೆಯಲ್ಲಿ ಆ ಸಾಲಿನ ಮೇಲೆ ಬಹಳ ಚರ್ಚೆಯಾಯಿತೆಂದೂ ತೀರ್ಮಾನ ಇನ್ನೂ ಆಗಿಲ್ಲವೆಂದೂ ಹೇಳಿದ. ಇದರಿಂದ ಅವನಿಗೆ ಒಳ್ಳೆಯದೇ ಆಗುತ್ತದೆಂದು ಹೇಳಲು ನಾನು ಜೋಯಿಸನಲ್ಲ.

ಫೋನ್ ಇಟ್ಟ ಮೇಲೆ ನನ್ನ ಮೇಜಿನ ಮೇಲಿದ್ದ ಕಾಗದ ಕಣ್ಣಿಗೆ ಬಿತ್ತು. ಪಠ್ಯಕ್ರಮದ ಕರಡು. ಒಂದು ಪುಸ್ತಕದ ಹೆಸರಿನ ಮುಂದೆ 'ವಿದ್ಯಾರ್ಥಿಗಳಿಗೆ ಇದು ಬೇಕು' ಎಂದು ನಾನೇ ಬರೆದಿದ್ದೆ. ಹತ್ತು ವರ್ಷ ಪಾಠ ಹೇಳಿ ನನಗೆ ರೂಢಿಯಾದ ಪುಸ್ತಕ ಅದು. ಹೊಸದಕ್ಕೆ ಹೊಸ ಟಿಪ್ಪಣಿ ಮಾಡಿಕೊಳ್ಳುವ ಶ್ರಮ ಯಾರಿಗೆ ಬೇಕು? ನನಗೆ ಬೇಡವಾಗಿತ್ತು. ಆ ಸಾಲನ್ನು ಹೊಡೆದುಹಾಕಿ, ತರಗತಿಯಲ್ಲಿ ಮಕ್ಕಳೊಡನೆ ಮಾತಾಡಿ ನೋಡಿದ ಮೇಲೆ ಬರೆಯೋಣವೆಂದು ಕರಡನ್ನು ಎತ್ತಿಟ್ಟಿದ್ದೇನೆ.